ಬಿ.ಎ. ಸೈಕಾಲಜಿ ತಗೊಂಡಾಯ್ತು, ಮುಂದೆ? ಲೈಸೆನ್ಸ್, ಪ್ರಾಕ್ಟಿಕಲ್, ಇಂಟರ್ನ್‌ಶಿಪ್, ಕೆಲಸ: ಎಲ್ಲ ಪ್ರಶ್ನೆ ಇಲ್ಲಿ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಬಿ.ಎ. ಮೊದಲ ಸೆಮಿಸ್ಟರ್, ಪತ್ರಿಕೋದ್ಯಮ–ಸೈಕಾಲಜಿ–ಇಂಗ್ಲಿಷ್. ಗುರಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗೋದು. ಅದು ಕೈಗೂಡದಿದ್ದರೆ ಬೇರೆ ಏನಿದೆ ಅನ್ನೋದೂ ಈಗಲೇ ಗೊತ್ತಿರಲಿ ಅಂತ ಕೇಳ್ತಿದ್ದೀನಿ. ಎಂ.ಫಿಲ್ ಮುಚ್ಚಿಹೋಯ್ತು ಅಂತ ಕೆಲವರು, ಇಲ್ಲ ನಡೀತಿದೆ ಅಂತ ಕೆಲವರು. ಮೂರು ವರ್ಷದ ಡಿಗ್ರಿ ಸಾಕಾ? ಅಂಕಿಅಂಶ ಎಷ್ಟು ಬರಬೇಕು? ಬರೀ ಬಿ.ಎ.ಗೆ ಯಾರಾದರೂ ಕೆಲಸ ಕೊಡ್ತಾರಾ? ತಿಳಿದವರು ಬಿಡಿಸಿ ಹೇಳಿ.

ಹಳೇ ರೆಕಾರ್ಡ್ ಬುಕ್

ಮೊದಲು ಹೆಸರುಗಳ ಸಿಕ್ಕು ಬಿಡಿಸ್ಕೊಳ್ಳಿ, ಅರ್ಧ ಪ್ರಶ್ನೆ ಅಲ್ಲೇ ಕರಗುತ್ತೆ.

ಸೈಕಿಯಾಟ್ರಿಸ್ಟ್ ಅಂದ್ರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಮುಂದೆ ಓದಿದ ಡಾಕ್ಟರು. ಮಾತ್ರೆ ಬರೆಯೋರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನೋದು ಯಾರು ಬೇಕಾದರೂ ಬೋರ್ಡಿಗೆ ಹಾಕ್ಕೊಳ್ಳೋ ಹೆಸರಲ್ಲ. 1992ರ ಭಾರತೀಯ ಪುನರ್ವಸತಿ ಪರಿಷತ್ (ಆರ್‌ಸಿಐ) ಕಾಯ್ದೆಯಡಿ ಆ ಪರಿಷತ್ತು ಒಪ್ಪಿದ ಕೋರ್ಸ್ ಮುಗಿಸಿ, ಕೇಂದ್ರ ಪುನರ್ವಸತಿ ರಿಜಿಸ್ಟರ್‌ನಲ್ಲಿ ಹೆಸರು ಸೇರಿ, ಸಿಆರ್‌ಆರ್ ನಂಬರ್ ಸಿಕ್ಕವರಿಗೆ ಮಾತ್ರ ಸಲ್ಲುತ್ತೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿರೋ ವ್ಯಾಖ್ಯಾನವೂ ಆರ್‌ಸಿಐ ಮಾನ್ಯತೆಯನ್ನೇ ಹಿಡಿದು ನಿಂತಿದೆ.

ಇಲ್ಲಿವರೆಗಿನ ರಾಜಮಾರ್ಗ: ಡಿಗ್ರಿ 3 ವರ್ಷ, ಎಂ.ಎ. ಅಥವಾ ಎಂ.ಎಸ್ಸಿ. ಸೈಕಾಲಜಿ 2 ವರ್ಷ (55 ಶೇಕಡಾ ಬೇಕು), ಆಮೇಲೆ ಎಂ.ಫಿಲ್ ಕ್ಲಿನಿಕಲ್ ಸೈಕಾಲಜಿ 2 ವರ್ಷ. ಒಟ್ಟು ಏಳು. ಎಂ.ಫಿಲ್ ಕಥೆ ಏನಂದ್ರೆ, 2022ರ ನಿಯಮದಲ್ಲಿ ಯುಜಿಸಿ ಎಲ್ಲ ವಿಷಯಗಳ ಎಂ.ಫಿಲ್ ತೆಗೆದುಹಾಕ್ತು. ಕ್ಲಿನಿಕಲ್ ಸೈಕಾಲಜಿಗೂ ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ಗೂ ಮಾತ್ರ 2025-26ರವರೆಗೆ ಉಸಿರು ಬಿಟ್ಟುಕೊಡ್ತು. ನೀವೀಗ ಮೊದಲ ಸೆಮ್. ನಿಮ್ಮ ಸರದಿ ಬರೋಹೊತ್ತಿಗೆ ಆ ಹಳೇ ಬಾಗಿಲು ಇರುತ್ತೆ ಅಂತ ಲೆಕ್ಕ ಹಾಕಬೇಡಿ. ಎಂ.ಎ. ಆದಮೇಲೆ ನಾಲ್ಕು ವರ್ಷದ ಸೈ.ಡಿ. (ಡಾಕ್ಟರ್ ಆಫ್ ಸೈಕಾಲಜಿ) ಇದೆ; ಆರ್‌ಸಿಐ ತನ್ನದೇ ಪಠ್ಯಕ್ರಮದ ಎಂ.ಎ. ಕ್ಲಿನಿಕಲ್ ಸೈಕಾಲಜಿಯನ್ನೂ ತಂದಿದೆ. ಒಂದು ವರ್ಷದ ಪ್ರೊಫೆಷನಲ್ ಡಿಪ್ಲೊಮಾ ಮಾಡಿದವರು ‘ಅಸೋಸಿಯೇಟ್’ ದರ್ಜೆಯವರು, ಹಿರಿಯರ ಕೈಕೆಳಗೆ ಕೆಲಸ ಮಾಡಬೇಕು.

ಜನ ಬೀಳೋ ಹಳ್ಳ ಒಂದೇ. ‘ಎಂ.ಎಸ್ಸಿ. ಕ್ಲಿನಿಕಲ್ ಸೈಕಾಲಜಿ’ ಅಂತ ಹತ್ತಾರು ಕಾಲೇಜುಗಳ ಬ್ರೋಶರ್‌ನಲ್ಲಿರುತ್ತೆ. ಹೆಸರಲ್ಲಿ ಕ್ಲಿನಿಕಲ್ ಇದ್ದ ಮಾತ್ರಕ್ಕೆ ಲೈಸೆನ್ಸ್ ಬರಲ್ಲ. ಆರ್‌ಸಿಐ ವೆಬ್‌ಸೈಟಿನ ಮಾನ್ಯತೆ ಪಟ್ಟಿ ತೆರೆದು ಕಾಲೇಜಿನ ಹೆಸರು, ಕೋರ್ಸಿನ ಪೂರ್ತಿ ಹೆಸರು, ಸೀಟಿನ ಸಂಖ್ಯೆ, ಮಾನ್ಯತೆ ಯಾವ ವರ್ಷದವರೆಗೆ ಅನ್ನೋ ನಾಲ್ಕನ್ನೂ ನೋಡಿ. ಫೀಸ್ ಕಟ್ಟೋ ದಿನ ಮತ್ತೊಮ್ಮೆ ನೋಡಿ.

ಕರಾವಳಿ ಗಾಳಿ

ಮೇಲಿನವರು ಹೇಳಿದ್ದಕ್ಕೆ ಎರಡು ಸೇರಿಸ್ತೇನೆ.

ಮೂರಾ ನಾಲ್ಕಾ ಅನ್ನುವ ಬಗ್ಗೆ: ಕರ್ನಾಟಕದಲ್ಲಿ 2021-22ರಿಂದ ಎನ್‌ಇಪಿಯ ನಾಲ್ಕು ವರ್ಷದ ಆನರ್ಸ್ ಇತ್ತು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಎಂ.ಎ. ಸೇರಲಿಕ್ಕೆ ಮೂರು ವರ್ಷ ಧಾರಾಳ ಸಾಕು. ನಾಲ್ಕು ವರ್ಷದ್ದರ ಲಾಭ ಇರುವುದು ಬೇರೆ ಕಡೆ: 75 ಶೇಕಡಾ ಇದ್ದರೆ ನೇರ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಇನ್ನು ವಿದೇಶ ಅಂತ ತಲೆಯಲ್ಲಿದ್ದರೆ ದೇಶ ಯಾವುದು ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ. ಬ್ರಿಟನ್‌ನಲ್ಲಿ ಮುಂದಿನ ಮೆಟ್ಟಿಲಿಗೆ ಬ್ರಿಟಿಷ್ ಸೈಕಾಲಜಿಕಲ್ ಸೊಸೈಟಿಯ ಜಿಬಿಸಿ ಎನ್ನುವ ಅರ್ಹತೆ ಕೇಳ್ತಾರೆ. ನಮ್ಮಲ್ಲಿ ಸೈಕಾಲಜಿ ಮೂರರಲ್ಲಿ ಒಂದು ವಿಷಯ ಮಾತ್ರ ಆಗಿರುವುದರಿಂದ ಸಂಶೋಧನಾ ವಿಧಾನ, ಅಂಕಿಅಂಶ, ಪ್ರಾಜೆಕ್ಟ್ ಇವುಗಳ ಕ್ರೆಡಿಟ್ ಕಡಿಮೆ ಬೀಳುವ ಸಂಭವ ಜಾಸ್ತಿ. ಹಾಗಾಗಿ ಪ್ರತಿ ಸೆಮಿಸ್ಟರಿನ ಸಿಲಬಸ್ ಪಿಡಿಎಫ್ ತೆಗೆದಿಟ್ಟುಕೊಳ್ಳಿ. ಐದು ವರ್ಷ ಕಳೆದ ಮೇಲೆ ವಿಶ್ವವಿದ್ಯಾಲಯದಿಂದ ಹಳೇ ಸಿಲಬಸ್‌ಗೆ ಸೀಲು ಹಾಕಿಸುವುದು ಅಂದರೆ ಬೇಡ ಆ ಕಷ್ಟ.

ಎರಡನೇದು, ಎಂ.ಎ. ದೂರಶಿಕ್ಷಣದಲ್ಲಿ ಮಾಡಿಬಿಡುವ ಅಂತ ಮನೆಯಲ್ಲಿ ಹೇಳಿದರೆ ಬೇಡ ಅನ್ನಿ. 2025ರ ಜುಲೈ–ಆಗಸ್ಟ್ ಅವಧಿಯಿಂದ ಸೈಕಾಲಜಿಯನ್ನು ದೂರಶಿಕ್ಷಣ, ಆನ್‌ಲೈನ್ ಎರಡರಲ್ಲೂ ಹೊಸದಾಗಿ ಕೊಡಬಾರದು ಅಂತ ಯುಜಿಸಿ ಹೇಳಿದೆ. 2021ರ ಅಲೈಡ್ ಹೆಲ್ತ್‌ಕೇರ್ ಆಯೋಗದ ಕಾಯ್ದೆಯೊಳಗೆ ಸೈಕಾಲಜಿಸ್ಟ್ ಕೂಡ ಬರ್ತಾರಲ್ಲ, ಅದರ ಪರಿಣಾಮ ಇದು.

ತುಂಗಾತೀರ

ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ, ಥ್ಯಾಂಕ್ಸ್. ಹಾಗಾದ್ರೆ ಈ ಮೂರು ವರ್ಷದಲ್ಲಿ ಕಾಲೇಜಲ್ಲಿ ಹೇಳಿಕೊಟ್ಟದ್ದು ಬಿಟ್ಟು ಇನ್ನೇನು ಮಾಡಬೇಕು?

ಹಳೇ ರೆಕಾರ್ಡ್ ಬುಕ್

ಬಿಟ್ಟು ಅಲ್ಲ. ಕಾಲೇಜಲ್ಲಿ ಹೇಳಿಕೊಡೋದನ್ನೇ ಸರಿಯಾಗಿ ಮಾಡಿ, ಅದರಲ್ಲೂ ಪ್ರಾಕ್ಟಿಕಲ್. ಹುಡುಗರು ಸೀನಿಯರ್ ರೆಕಾರ್ಡ್ ನೋಡಿ ಕಾಪಿ ಹೊಡೆಯೋ ಪೇಪರ್ ಇದು, ಎಂ.ಎ. ಸಂದರ್ಶನದಲ್ಲಿ ಮೊದಲು ಕೆದಕೋದೂ ಇದನ್ನೇ. ಮೈಸೂರಲ್ಲಿ 1924ರಲ್ಲಿ ಸೈಕಾಲಜಿ ವಿಭಾಗ ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಅವರು ಪ್ರಯೋಗಶಾಲೆಯ ಮನುಷ್ಯ (1935ರಲ್ಲಿ ಮನೆಯಲ್ಲೇ ರೇಡಿಯೋ ಕೇಂದ್ರ ಹೂಡಿದವರೂ ಅವರೇ). ಆ ಪರಂಪರೆ ನಮ್ಮ ಸಿಲಬಸ್‌ನಲ್ಲಿ ಇನ್ನೂ ಉಳಿದಿದೆ, ನಾವು ಉಪಯೋಗಿಸ್ಕೊಳ್ತಿಲ್ಲ ಅಷ್ಟೆ.

ಒಂದೇ ಒಂದು ಪ್ರಯೋಗ ತಗೊಳ್ಳಿ: ಕನ್ನಡಿಯಲ್ಲಿ ನೋಡಿ ನಕ್ಷತ್ರ ಗೆರೆ ಹಾಕೋ ಮಿರರ್ ಡ್ರಾಯಿಂಗ್. ಒಂದು ಕೈಗೆ ಕಲಿಸಿದ್ದು ಇನ್ನೊಂದು ಕೈಗೆ ದಾಟುತ್ತಾ ಅನ್ನೋ ಪ್ರಶ್ನೆ. ಎಡಗೈಲಿ ಒಂದು ಸಲ, ಬಲಗೈಲಿ ಹತ್ತು ಸಲ, ಮತ್ತೆ ಎಡಗೈಲಿ ಒಂದು ಸಲ. ಮೊದಲ ಎಡಗೈ 120 ಸೆಕೆಂಡ್, ಕೊನೇ ಎಡಗೈ 75 ಸೆಕೆಂಡ್ ಅಂದ್ರೆ ಉಳಿದದ್ದು 45. 45ನ್ನು 120ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 37.5 ಶೇಕಡಾ. ‘37.5 ಶೇಕಡಾ ವರ್ಗಾವಣೆ ಆಗಿದೆ’ ಅಂತ ಬರೆದು ರೆಕಾರ್ಡ್ ಮುಚ್ತಾರೆ.

ಮುಚ್ಚಬಾರದು. ಎಡಗೈ ತಾನೇ ಎರಡನೇ ಸಲ ಮಾಡ್ತಿದೆ, ಅದರಿಂದಲೇ ಸ್ವಲ್ಪ ವೇಗ ಬಂದಿರಬಹುದಲ್ಲ? ಅದಕ್ಕೇ ಕಂಟ್ರೋಲ್ ಗುಂಪು: ಅವರು ಎಡಗೈಲಿ ಒಂದು ಸಲ ಮಾಡಿ, ಬಲಗೈ ಅಭ್ಯಾಸಕ್ಕೆ ಹಿಡಿಯೋ ಅಷ್ಟೇ ಹೊತ್ತು ಸುಮ್ಮನೆ ಕೂತು, ಮತ್ತೆ ಎಡಗೈಲಿ ಮಾಡ್ತಾರೆ. ಅವರದ್ದು 120ರಿಂದ 108ಕ್ಕೆ ಇಳಿದರೆ 10 ಶೇಕಡಾ. ಅಂದ್ರೆ ಬಲಗೈ ತರಬೇತಿಯಿಂದ ಬಂದದ್ದು ಅಂತ ನೀವು ಹೇಳಬಹುದಾದದ್ದು ಸುಮಾರು 27.5 ಮಾತ್ರ.

ಕೆಡೋದು ಎಲ್ಲೆಲ್ಲಿ ಅಂದ್ರೆ: ಮರೆಯ ಹಲಗೆ ತಗ್ಗಿದ್ದು ಕೂತವರಿಗೆ ಕೈ ನೇರ ಕಾಣುತ್ತೆ. ಸ್ಟಾಪ್‌ವಾಚನ್ನು ಒಮ್ಮೆ ‘ಶುರು’ ಅಂದಾಗ, ಒಮ್ಮೆ ಕಡ್ಡಿ ಇಟ್ಟಾಗ ಒತ್ತಿರ್ತೀರಿ. ಗೆರೆ ದಾಟಿದ್ದನ್ನ ತಪ್ಪು ಅಂತ ಎಣಿಸೋದೋ, ದಾಟಿ ಒಳಗೆ ಬಂದಾಗ ಎಣಿಸೋದೋ ಅಂತ ಮೊದಲೇ ತೀರ್ಮಾನಿಸಿರಲ್ಲ. ಸೂಚನೆಯನ್ನ ಒಬ್ಬರಿಗೆ ಒಂದು ಥರ ಹೇಳಿ ಇನ್ನೊಬ್ಬರಿಗೆ ‘ಬೇಗ ಬೇಗ’ ಅಂತ ಸೇರಿಸಿರ್ತೀರಿ. ಅಲ್ಲಿಗೆ ವೇಗ ಹೆಚ್ಚಿ ತಪ್ಪೂ ಹೆಚ್ಚುತ್ತೆ. ಸೂಚನೆಯ ಪ್ರತಿ ಪದ ಬರೆದಿಟ್ಕೊಂಡು ಓದಿ ಹೇಳಿ. ಫಲಿತಾಂಶ ಉಲ್ಟಾ ಬಂದ್ರೆ ಉಲ್ಟಾನೇ ಬರೆದು ಯಾಕಿರಬಹುದು ಅಂತ ಚರ್ಚಿಸಿ. ವೈವಾದಲ್ಲಿ ಅಂಥ ರೆಕಾರ್ಡಿಗೆ ಬೆಲೆ ಇದೆ.

ಲೆಕ್ಕದ ಮೇಷ್ಟ್ರು

ಅಂಕಿಅಂಶದ ಪ್ರಶ್ನೆ ಇನ್ನೂ ಯಾರೂ ಮುಟ್ಟಿಲ್ಲ, ನಾನು ಮುಟ್ಟುತ್ತೇನೆ.

ಎಸ್ಸೆಸ್ಸೆಲ್ಸಿ ಗಣಿತ ಬಂದರೆ ಸಾಕು. ಸರಾಸರಿ, ಮಾನಕ ವಿಚಲನೆ, ಸಹಸಂಬಂಧ, ಟಿ-ಪರೀಕ್ಷೆ, ಕೈ-ವರ್ಗ (chi-square) ಇವನ್ನು ಹತ್ತು ಹತ್ತು ಅಂಕಿ ಇಟ್ಟುಕೊಂಡು ಒಂದೊಂದು ಸಲ ಕೈಯಲ್ಲೇ ಮಾಡಿ. ಆಮೇಲೆ ಜಮೋವಿ ಅಥವಾ ಜಾಸ್ಪ್ ಎಂಬ ಅಂಕಿಅಂಶದ ತಂತ್ರಾಂಶ ಹಾಕಿಕೊಳ್ಳಿ, ಎರಡೂ ಬಿಟ್ಟಿ. ಎಸ್‌ಪಿಎಸ್‌ಎಸ್‌ಗಾಗಿ ಕದ್ದ ಪ್ರತಿ ಹುಡುಕುವ ಅಗತ್ಯ ಈಗಿಲ್ಲ.

ಕೊನೇ ವರ್ಷದ ಪ್ರಾಜೆಕ್ಟ್‌ನಲ್ಲಿ ಸಾಮಾನ್ಯ ಎಡವಟ್ಟು ಎರಡು. ಮೊದಲನೆಯದು ಸ್ಯಾಂಪಲ್. ‘30 ಹುಡುಗರು, 30 ಹುಡುಗಿಯರು, ವ್ಯತ್ಯಾಸ ಕಂಡುಬಂದಿಲ್ಲ’ ಅಂತ ಸಾವಿರಾರು ವರದಿ ಬಿದ್ದಿವೆ. ಎರಡು ಗುಂಪಿನ ನಡುವೆ ಮಧ್ಯಮ ಗಾತ್ರದ ವ್ಯತ್ಯಾಸ (ಕೋಹೆನ್‌ನ ಡಿ ಎಂಬ ಅಳತೆಯಲ್ಲಿ 0.5) ಇದ್ದರೆ, ಅದನ್ನು 80 ಶೇಕಡಾ ಖಾತ್ರಿಯಿಂದ ಹಿಡಿಯಲು ಗುಂಪಿಗೆ 64 ಜನ ಬೇಕು. 30–30 ಇಟ್ಟುಕೊಂಡರೆ ಡಿ ಸುಮಾರು 0.74 ಇದ್ದಾಗ ಮಾತ್ರ ಅದೇ ಖಾತ್ರಿ ಸಿಗುತ್ತದೆ. ಹಾಗಾಗಿ ನಿಮ್ಮ ‘ಕಂಡುಬಂದಿಲ್ಲ’ ಎಂಬುದಕ್ಕೆ ‘ಇಲ್ಲ’ ಎಂಬ ಅರ್ಥ ಕೊಡಬೇಡಿ. ಸಹಸಂಬಂಧ 0.3ರಷ್ಟಿದ್ದರೆ ಸುಮಾರು 85 ಜನ ಬೇಕು. ಜಿ*ಪವರ್ ಎಂಬ ಬಿಟ್ಟಿ ತಂತ್ರಾಂಶದಲ್ಲಿ ಈ ಲೆಕ್ಕ ಎರಡು ನಿಮಿಷದ ಕೆಲಸ.

ಎರಡನೆಯದು ತಿರುಗುಮುರುಗು ಪ್ರಶ್ನೆಗಳು. ರೋಸೆನ್‌ಬರ್ಗ್ ಆತ್ಮಗೌರವ ಮಾಪಕದಲ್ಲಿ ಹತ್ತು ವಾಕ್ಯ, ಅದರಲ್ಲಿ ಐದು ಉಲ್ಟಾ (ಒಪ್ಪಿದರೆ ಆತ್ಮಗೌರವ ಕಡಿಮೆ ಎಂದರ್ಥ). 1ರಿಂದ 4ರ ಅಂಕ ಕೊಟ್ಟಿದ್ದರೆ ಆ ಐದಕ್ಕೆ ಹೊಸ ಅಂಕ ಅಂದರೆ 5ರಲ್ಲಿ ಹಳೇ ಅಂಕ ಕಳೆಯಬೇಕು. ಮರೆತರೆ ಕ್ರಾನ್‌ಬಾಕ್ ಆಲ್ಫಾ (ವಾಕ್ಯಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ) ಪಾತಾಳಕ್ಕೆ ಇಳಿಯುತ್ತದೆ, ಕೆಲವೊಮ್ಮೆ ಋಣ ಸಂಖ್ಯೆಯೇ ಬರುತ್ತದೆ. ಆಲ್ಫಾ ಋಣದಲ್ಲಿ ಬಂತೆಂದರೆ ಉತ್ತರ ಕೊಟ್ಟವರನ್ನು ಬೈಯಬೇಡಿ, ಮೊದಲು ನಿಮ್ಮ ಎಕ್ಸೆಲ್ ಶೀಟ್ ನೋಡಿ.

ಪೇಡೆ ಊರವ

ಮೇಷ್ಟ್ರ, ಭಾಷಾಂತರದ್ದೂ ಒಂದೀಟು ಹೇಳ್ಬೇಕಿತ್ರಿ. ಇಂಗ್ಲಿಷ್ ಪ್ರಶ್ನಾವಳಿ ತಗೊಂಡು ರಾತ್ರೋರಾತ್ರಿ ಕನ್ನಡ ಮಾಡಿ ಹಂಚ್ತಾರ. ಒಂದ ಶಬ್ದ ನೋಡ್ರಿ, ‘ಬೇಜಾರು’. ಒಬ್ಬರಿಗೆ ದುಃಖ, ಇನ್ನೊಬ್ಬರಿಗೆ ಹೊತ್ತು ಹೋಗವಲ್ದು ಅನ್ನೂದು, ಮತ್ತೊಬ್ಬರಿಗೆ ‘ಅವಾ ಅಂದ ಮಾತಿಗೆ ಬೇಜಾರಾತು’ ಅಂದ್ರ ಸಿಟ್ಟು–ನೋವು ಎರಡೂ. ‘ಕಳೆದ ಎರಡು ವಾರದಲ್ಲಿ ಎಷ್ಟು ಸಲ ಬೇಜಾರಾಗಿತ್ತು’ ಅಂತ ಕೇಳಿದ್ರ ಮೂರು ಮಂದಿ ಮೂರು ಬ್ಯಾರೆ ಪ್ರಶ್ನಿಗೆ ಉತ್ತರಾ ಕೊಟ್ಟಂಗ. ಅದಕ್ಕ ಕನ್ನಡಕ್ಕ ಮಾಡಿದ್ದನ್ನ ಮೂಲ ನೋಡಿರಲಾರದ ಇನ್ನೊಬ್ಬರ ಕೈಯಾಗ ತಿರುಗಿ ಇಂಗ್ಲಿಷ್ ಮಾಡಸ್ರಿ, ಎರಡೂ ಇಂಗ್ಲಿಷ್ ಬಾಜೂಬಾಜೂ ಇಟ್ಟು ನೋಡ್ರಿ, ಎಲ್ಲಿ ಜಾರೇತಿ ಗೊತ್ತಾಗ್ತದ. ಆಮ್ಯಾಲೆ ಐದಾರು ಮಂದಿಗೆ ಕೊಟ್ಟು ‘ಇದರ ಅರ್ಥ ಏನಂತ ತಿಳಕೊಂಡ್ರಿ’ ಅಂತ ಬಾಯಿಲೆ ಕೇಳ್ರಿ. ಕೆಲವಕ್ಕ ಕನ್ನಡ ಆವೃತ್ತಿ ಮೊದಲ ಇರ್ತಾವ, ಖಿನ್ನತೆ ಅಳಿಯೂ ಪಿಎಚ್‌ಕ್ಯೂ-9ಕ್ಕ ಅದ. ಹುಡುಕಿ ನೋಡೂದು ಬಿಟ್ಟು ಹೊಸಾದು ಮಾಡಾಕ ಹೋಗಬ್ಯಾಡ್ರಿ.

ಇನ್ನೊಂದು, ಬುದ್ಧಿಮತ್ತೆ ಪರೀಕ್ಷೆ. ಬಿನೆ–ಕಾಮತ್ ಟೆಸ್ಟ್ ಅಂತ ಕ್ಲಾಸಿನಾಗ ಕೇಳ್ತೀರಿ. ಅದು ಎಲ್ಲಿಂದಲೋ ಬಂದದ್ದಲ್ಲ, ನಮ್ಮ ಮುಂಬಯಿ–ಕರ್ನಾಟಕ ಭಾಗದ ಕನ್ನಡ, ಮರಾಠಿ ಮಕ್ಕಳ ಮ್ಯಾಲೆ 1930ರ ದಶಕದಾಗ ಕಾಮತ್ ಅವರು ಹೊಂದಿಸಿದ್ದು. ಲೆಕ್ಕ ಸರಳ ಅದ: ಮಾನಸಿಕ ವಯಸ್ಸನ್ನ ನಿಜ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಸೂದು. ಎಂಟು ವರ್ಷದ ಹುಡುಗ ಅಂದ್ರ 96 ತಿಂಗಳು, ಮಾನಸಿಕ ವಯಸ್ಸು 72 ತಿಂಗಳು ಬಂದ್ರ ಐಕ್ಯೂ 75. ಆದ್ರ ಮಾನದಂಡ ಹಳೇವಾದಷ್ಟು ಈಗಿನ ಮಕ್ಕಳ ಅಂಕ ಉಬ್ಬಿ ಕಾಣ್ತದ, ಇದು ತಲ್ಯಾಗಿರ್ಲಿ. ಮತ್ತ ಬಿ.ಎ. ಹುಡುಗರು ಇದನ್ನ ನೋಡಿ ಕಲಿಯೂದಷ್ಟ. ಅಂಗವೈಕಲ್ಯದ ಸರ್ಟಿಫಿಕೇಟಿಗೆ ಹೋಗೂ ವರದಿ ಅದು, ಸಹಿ ಹಾಕಾಕ ನೋಂದಣಿ ಬೇಕು. ಓಣ್ಯಾಗಿನ ಮಕ್ಕಳಿಗೆ ಮಾಡಿ ‘ನಿನ್ನ ಐಕ್ಯೂ ಇಷ್ಟು’ ಅಂತ ಹೇಳಿದ್ರ ಆ ಅಂಕಿ ಆ ಮಗಾ ಜನ್ಮಪೂರ್ತಿ ಹೊತ್ಕೊಂಡು ತಿರಗ್ತದ.

ನೀಲಗಿರಿ ಎಲೆ

ಪಿಎಚ್‌ಕ್ಯೂ-9 ಮಾತು ಬಂತಲ್ಲ, ಇದನ್ನ ಎಲ್ಲರೂ ಓದಿ. ಪ್ರಾಜೆಕ್ಟ್‌ಗೆ ಎಲ್ಲರಿಗೂ ಮೊದಲು ಹೊಳೆಯೋದು ‘ವಿದ್ಯಾರ್ಥಿಗಳಲ್ಲಿ ಖಿನ್ನತೆ’, ಹಾಕೋದು ಗೂಗಲ್ ಫಾರ್ಮ್. ಆ ಮಾಪಕದಲ್ಲಿ ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ರಿಂದ 3, ಒಟ್ಟು 27. ಒಂಬತ್ತನೇ ಪ್ರಶ್ನೆ ಸಾಯುವ ಅಥವಾ ತನ್ನನ್ನು ತಾನೇ ನೋಯಿಸಿಕೊಳ್ಳುವ ಯೋಚನೆಯ ಬಗ್ಗೆ.

ಈಗ ಯೋಚಿಸಿ: ಹೆಸರಿಲ್ಲದ ಫಾರ್ಮ್, ರಾತ್ರಿ ಎರಡು ಗಂಟೆಗೆ ಯಾರೋ ಒಂಬತ್ತಕ್ಕೆ 3 ಒತ್ತಿದ್ದಾರೆ. ನೀವು ಎಕ್ಸೆಲ್ ತೆರೆಯೋದು ಎರಡು ವಾರ ಬಿಟ್ಟು. ಅದು ಯಾರು ಅಂತ ಗೊತ್ತಿಲ್ಲ, ಹುಡುಕೋ ದಾರಿ ಇಲ್ಲ. ನೈತಿಕ ಸಮಿತಿ ಇರೋ ಕಡೆ ಇಂಥ ಪ್ರಸ್ತಾವ ವಾಪಸ್ ಬರೋದು ಇದೇ ಕಾರಣಕ್ಕೆ. ಸಮಿತಿ ಇಲ್ಲದ ಕಾಲೇಜಲ್ಲಿ ಯಾರೂ ಕೇಳಲ್ಲ, ಅದಕ್ಕೇ ನೀವೇ ಕೇಳ್ಕೋಬೇಕು. ದಾರಿ ಇಷ್ಟು: ಒಂಬತ್ತನೇದನ್ನ ಬಿಟ್ಟ ಪಿಎಚ್‌ಕ್ಯೂ-8 ಬಳಸಿ (ಒಟ್ಟು 24), ಇಲ್ಲಾಂದ್ರೆ ಕೌನ್ಸೆಲರ್ ಇರೋ ಕೋಣೆಯಲ್ಲಿ ಮುಖಾಮುಖಿ ಕೊಟ್ಟು ಅಲ್ಲೇ ತಿರುಗಿಸಿ ನೋಡಿ. ಯಾವುದೇ ಆದರೂ ಕೊನೇ ಪುಟದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ನಂಬರ್ 14416 ಹಾಕಿ, ಕನ್ನಡದಲ್ಲಿ ಮಾತಾಡಬಹುದು. ವರದಿಯಲ್ಲಿ ‘ಇಷ್ಟು ಜನಕ್ಕೆ ಖಿನ್ನತೆ ಇದೆ’ ಅಂತ ಬರೀಬೇಡಿ. 10 ಅಥವಾ ಅದಕ್ಕಿಂತ ಹೆಚ್ಚು ಬಂದ್ರೆ ಮುಂದೆ ತಪಾಸಣೆ ಬೇಕು ಅಂತಷ್ಟೇ ಅರ್ಥ, ರೋಗನಿರ್ಣಯ ಅಲ್ಲ.

ಒಪ್ಪಿಗೆ ಪತ್ರದ ವಿಷಯ: 18 ತುಂಬದವರಿಗೆ ಪೋಷಕರ ಒಪ್ಪಿಗೆ ಬೇಕು, ಜೊತೆಗೆ ಅವರದ್ದೇ ಸಮ್ಮತಿಯೂ ಬೇಕು. ಮೊದಲ ಸೆಮ್ ಕ್ಲಾಸಲ್ಲಿ 17ರವರು ಇದ್ದೇ ಇರ್ತಾರೆ, ‘ಎಲ್ಲ ಡಿಗ್ರಿ ಸ್ಟೂಡೆಂಟ್ಸ್’ ಅಂತ ಹಂಚಿಬಿಟ್ರೆ ಅಲ್ಲೇ ತಪ್ಪಿತು.

ತುಂಗಾತೀರ

ಇದು ಹೊಳೆದೇ ಇರಲಿಲ್ಲ ಅಕ್ಕ. ಇಂಟರ್ನ್‌ಶಿಪ್ ಬಗ್ಗೆಯೂ ಹೇಳಿ. ‘15 ದಿನ ಆನ್‌ಲೈನ್ ಕ್ಲಿನಿಕಲ್ ಇಂಟರ್ನ್‌ಶಿಪ್, ಸರ್ಟಿಫಿಕೇಟ್ ಖಚಿತ’ ಅಂತ ದಿನಾ ಜಾಹೀರಾತು ಬರುತ್ತೆ.

ನೀಲಗಿರಿ ಎಲೆ

ದುಡ್ಡು ಕೊಟ್ಟು ರೆಕಾರ್ಡ್ ಆದ ವಿಡಿಯೋ ನೋಡೋದು ಇಂಟರ್ನ್‌ಶಿಪ್ ಅಲ್ಲ, ಅದು ಟ್ಯೂಷನ್. ಸೇರೋ ಮೊದಲು ಕೇಳಿ: ಮೇಲ್ವಿಚಾರಕರು ಯಾರು, ಅವರ ಸಿಆರ್‌ಆರ್ ನಂಬರ್ ಏನು? ವಾರಕ್ಕೆ ಎಷ್ಟು ಗಂಟೆ ಅವರ ಎದುರು ಕೂರಿಸ್ತಾರೆ? ಬರೆದ ಕೇಸ್ ಹಿಸ್ಟರಿ ತಿದ್ದಿ ಕೊಡ್ತಾರಾ? ಕೊನೇ ಪ್ರಶ್ನೆಗೆ ‘ಹೌದು’ ಬಂದ್ರೆ ಜಾಗ ಸಣ್ಣದಾದರೂ ಹೋಗಿ. ವಿಶೇಷ ಮಕ್ಕಳ ಶಾಲೆ, ವ್ಯಸನಮುಕ್ತಿ ಕೇಂದ್ರ, ವೃದ್ಧಾಶ್ರಮ ಎಲ್ಲ ಆಗುತ್ತೆ. ಬಿ.ಎ. ಮಟ್ಟದಲ್ಲಿ ನಿಮ್ಮ ಕೆಲಸ ನೋಡೋದು, ಬರೆಯೋದು. ಮೊದಲ ವಾರವೇ ‘ನೀವೇ ಕೌನ್ಸೆಲಿಂಗ್ ಮಾಡಿ’ ಅಂದ್ರೆ ಆ ಜಾಗದಿಂದ ಎದ್ದು ಬನ್ನಿ.

ಕೇಸ್ ಹಿಸ್ಟರಿ ಬರೆಯೋಕೆ ಒಂದು ಪಾಠ. ಮುಖ್ಯ ತೊಂದರೆ ಅನ್ನೋ ಕಲಂನಲ್ಲಿ ಬಂದವರ ಮಾತು ಇದ್ದ ಹಾಗೇ ಇರಬೇಕು. ‘ಎದೆ ಡವಡವ ಅಂತದೆ, ಕೈಕಾಲು ಬಿದ್ದೋದಂಗೆ ಆಯ್ತದೆ, ಮೂರು ತಿಂಗ್ಳಿಂದ’ ಅಂದ್ರೆ ಹಾಗೇ ಬರೀರಿ. ‘ಆತಂಕ’ ಅಂತ ಬರೆದ್ರೆ ನೀವು ಆಗಲೇ ತೀರ್ಪು ಕೊಟ್ಟಾಯ್ತು. ಅದು ಥೈರಾಯ್ಡೋ, ರಕ್ತಹೀನತೆಯೋ, ಪ್ಯಾನಿಕ್ಕೋ ಅಂತ ನೋಡೋರ ಕಣ್ಣು ಕಟ್ಟಿದ ಹಾಗೆ. ಆಮೇಲೆ ಯಾವಾಗ ಶುರು, ಹಠಾತ್ತೋ ನಿಧಾನವೋ, ಏರಿಳಿತ ಇದೆಯೋ, ನಿದ್ದೆ–ಊಟ–ಕೆಲಸ ಹೇಗಿದೆ, ಹೇಳ್ತಿರೋದು ಯಾರು, ಅವರು ಜೊತೆಲೇ ಇರೋರಾ ಅನ್ನೋದು. ಹೆಸರು, ಊರು, ಫೋಟೋ ಯಾವುದೂ ನಿಮ್ಮ ಫೋನಿಗೆ ಬರಬಾರದು. ಗೋಪ್ಯತೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್‌ನಲ್ಲಿರೋ ಹಕ್ಕು.

ಸಿಲ್ಕ್ ಬೋರ್ಡ್ ಸಿಗ್ನಲ್

ಎಲ್ಲರೂ ಕ್ಲಿನಿಕ್ ಒಳಗೇ ಕೂತ್ಬಿಟ್ರಿ. ಬಿ.ಎ. ಆದ ತಕ್ಷಣ ದುಡಿಯಬೇಕಾದ ಹುಡುಗರೂ ಇದ್ದಾರೆ, ಅವರಿಗೆ ಹೇಳ್ತೀನಿ.

ಎಚ್‌ಆರ್ ರಿಕ್ರೂಟರ್ ಕೆಲಸಕ್ಕೆ ಯಾವ ಡಿಗ್ರಿ ಆದರೂ ನಡೆಯುತ್ತೆ, ಸೈಕಾಲಜಿಗೆ ವಿಶೇಷ ಮಣೆ ಏನಿಲ್ಲ. ಮೇಲೆ ಏರೋಕೆ ಎಂಬಿಎ ಅಥವಾ ಎಂಎಸ್‌ಡಬ್ಲ್ಯೂ ಎಚ್‌ಆರ್ ಬೇಕು. ಸೈಕಾಲಜಿ ನಿಜವಾಗಿ ಉಪಯೋಗಕ್ಕೆ ಬರೋದು ಯೂಸರ್ ರಿಸರ್ಚ್‌ನಲ್ಲಿ, ಅಂದ್ರೆ ಜನ ಆಪ್, ವೆಬ್‌ಸೈಟ್ ಹೇಗೆ ಬಳಸ್ತಾರೆ ಅಂತ ನೋಡೋ ಕೆಲಸದಲ್ಲಿ. ಅಲ್ಲಿ ಸರ್ಟಿಫಿಕೇಟ್ ಕೇಳಲ್ಲ, ಮಾಡಿದ ಕೆಲಸ ತೋರಿಸು ಅಂತಾರೆ. ಯಾವುದಾದರೂ ಸರ್ಕಾರಿ ಅರ್ಜಿಯ ಪೋರ್ಟಲ್ ತಗೊಂಡು, ಬೇರೆ ಬೇರೆ ವಯಸ್ಸಿನ ಐದಾರು ಜನಕ್ಕೆ ಒಂದೇ ಕೆಲಸ ಕೊಟ್ಟು (ಉದಾಹರಣೆಗೆ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ), ಎಲ್ಲಿ ನಿಂತ್ರು, ಏನು ಗೊಣಗಿದ್ರು, ಎಷ್ಟು ಹೊತ್ತು ಹಿಡೀತು ಅಂತ ಬರೆದು ನಾಲ್ಕು ಪುಟದ ವರದಿ ಮಾಡಿ. ಮಧ್ಯದಲ್ಲಿ ‘ಅಲ್ಲಿ ಒತ್ತಿ’ ಅಂತ ಸಹಾಯ ಮಾಡಿದ್ರೆ ಆ ದತ್ತಾಂಶ ಕಸದ ಬುಟ್ಟಿಗೆ. ಇಂಥ ಎರಡು ವರದಿ ಇದ್ರೆ ಸಂದರ್ಶನದಲ್ಲಿ ಮಾತಾಡೋಕೆ ಸರಕಿರುತ್ತೆ.

ಬೆಂಗಳೂರಲ್ಲಿ ಆಟಿಸಂ ಕೇಂದ್ರಗಳು, ಶಾಲೆಗಳು ಬಿ.ಎ.ಗೇ ಥೆರಪಿಸ್ಟ್, ಶ್ಯಾಡೋ ಟೀಚರ್ (ಕ್ಲಾಸಲ್ಲಿ ಮಗುವಿನ ಪಕ್ಕದಲ್ಲೇ ಇದ್ದು ನೆರವಾಗೋರು) ಅಂತ ತಗೊಳ್ತವೆ. ಒಳ್ಳೆ ಅನುಭವ, ಸಂಬಳ ಕಡಿಮೆ, ಸುಸ್ತು ಜಾಸ್ತಿ. ಇಲ್ಲೊಂದು ಎಚ್ಚರ: ಅಮೆರಿಕದ ಬಿಎಸಿಬಿ ಅನ್ನೋ ಮಂಡಳಿಯ ಆರ್‌ಬಿಟಿ (ರಿಜಿಸ್ಟರ್ಡ್ ಬಿಹೇವಿಯರ್ ಟೆಕ್ನಿಷಿಯನ್) ಸರ್ಟಿಫಿಕೇಟ್ ಕೊಡಿಸ್ತೀವಿ ಅಂತ 40 ಗಂಟೆ ತರಬೇತಿ ಮಾರ್ತಾರೆ. 2023ರಿಂದ ಆ ಮಂಡಳಿ ಭಾರತದಲ್ಲಿರೋರ ಅರ್ಜಿ ತಗೊಳ್ತಿಲ್ಲ. ತರಬೇತಿಯಿಂದ ಕಲಿಯೋದು ಇರಬಹುದು, ಆ ಬಿರುದು ಸಿಗಲ್ಲ. ಈ ಕ್ಷೇತ್ರದಲ್ಲೇ ನಿಲ್ಲೋ ಮನಸ್ಸಿದ್ರೆ ಆರ್‌ಸಿಐ ಮಾನ್ಯ ಬಿ.ಎಡ್. ವಿಶೇಷ ಶಿಕ್ಷಣ ಮಾಡಿ, ಅದಕ್ಕೂ ಸಿಆರ್‌ಆರ್ ನಂಬರ್ ಇದೆ.

ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ (ಎಚ್‌ಐವಿ ಪರೀಕ್ಷೆ–ಸಲಹೆ ಕೇಂದ್ರ) ಕೌನ್ಸೆಲರ್, ಹದಿಹರೆಯದವರ ಸ್ನೇಹ ಕ್ಲಿನಿಕ್, ದೌರ್ಜನ್ಯಕ್ಕೊಳಗಾದ ಹೆಂಗಸರ ಸಖಿ ಕೇಂದ್ರ ಇವಕ್ಕೂ ಆಗಾಗ ಕರೆಯುತ್ತಾರೆ. ಬಹುಪಾಲು ಗುತ್ತಿಗೆ ಕೆಲಸ. ಅಧಿಸೂಚನೆ ಬರೋದು ಜಿಲ್ಲಾ ಮಟ್ಟದಲ್ಲಿ, ರಾಜ್ಯದ ದೊಡ್ಡ ವೆಬ್‌ಸೈಟ್ ನೋಡ್ತಾ ಕೂತ್ರೆ ತಪ್ಪಿಹೋಗುತ್ತೆ. ಜಿಲ್ಲೆಯ ವೆಬ್‌ಸೈಟಿನ ನೇಮಕಾತಿ ಪುಟ ವಾರಕ್ಕೊಮ್ಮೆ ನೋಡಿ.

ಗುಬ್ಬಿ ಗೂಡು

ಫೋರೆನ್ಸಿಕ್ ಸೈಕಾಲಜಿ ಹೇಗೆ? ಮಂಪರು ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಎಲ್ಲ ಇರುತ್ತಲ್ಲ.

ಹಳೇ ರೆಕಾರ್ಡ್ ಬುಕ್

ಟೀವಿ ನೋಡಿ ಆಸೆ ಪಡೋ ವಿಭಾಗ ಇದು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಅನ್ನೋ ಪ್ರಕರಣದಲ್ಲಿ 2010ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ: ಆರೋಪಿಯ ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ, ಪಾಲಿಗ್ರಾಫ್, ಬ್ರೈನ್ ಮ್ಯಾಪಿಂಗ್ ಮೂರೂ ಮಾಡುವಂತಿಲ್ಲ. ಒಪ್ಪಿ ಮಾಡಿಸಿಕೊಂಡರೂ ಹೇಳಿದ ಮಾತೇ ಸಾಕ್ಷ್ಯವಾಗಲ್ಲ. ಅದರಿಂದ ಮುಂದೆ ಸಿಕ್ಕ ವಸ್ತು, ಮಾಹಿತಿಗೆ ಮಾತ್ರ ಬೆಲೆ. ಹುದ್ದೆಗಳು ಬೆರಳೆಣಿಕೆ. ಆ ಕಡೆ ಹೋಗಬೇಕಂದ್ರೂ ಕ್ಲಿನಿಕಲ್ ತರಬೇತಿ ಮಾಡ್ಕೊಂಡು ಹೋಗಿ, ಕೈ ಖಾಲಿ ಉಳಿಯಲ್ಲ.

ಲೆಕ್ಕದ ಮೇಷ್ಟ್ರು

ಪ್ರವೇಶ ಪರೀಕ್ಷೆಗಳ ಬಗ್ಗೆಯೂ ಒಂದು ಮಾತು. ಕೇಂದ್ರೀಯ ವಿಶ್ವವಿದ್ಯಾಲಯಗಳ ಎಂ.ಎ.ಗೆ ಸಿಯುಇಟಿ ಪಿಜಿ: 75 ಪ್ರಶ್ನೆ, ಸರಿಗೆ 4, ತಪ್ಪಿಗೆ ಒಂದು ಕಡಿತ. ಅರ್ಜಿ ಚಳಿಗಾಲದಲ್ಲೇ ಬಂದುಹೋಗುತ್ತದೆ, ಆರನೇ ಸೆಮ್ ಮುಗಿಯಲಿ ಅಂತ ಕಾದರೆ ಒಂದು ವರ್ಷ ಹೋಯಿತು. ಐಐಟಿಗಳ ಕಡೆ ಕಣ್ಣಿದ್ದರೆ ಗೇಟ್‌ನಲ್ಲಿ 2021ರಿಂದ ಮಾನವಿಕ ವಿಷಯಗಳೊಳಗೆ ಸೈಕಾಲಜಿಯೂ ಇದೆ. ನೂರರಲ್ಲಿ 60 ಅಂಕ ವಿಷಯಕ್ಕೆ, 25 ತರ್ಕ ಮತ್ತು ಗ್ರಹಿಕೆಗೆ, 15 ಸಾಮಾನ್ಯ ಸಾಮರ್ಥ್ಯಕ್ಕೆ. ಡಿಗ್ರಿ ಕಾಲೇಜಿನ ಮೇಷ್ಟರಿಕೆಗೆ ಎಂ.ಎ. ನಂತರ ನೆಟ್ ಅಥವಾ ಕೆಸೆಟ್ ಎಂಬ ಅರ್ಹತಾ ಪರೀಕ್ಷೆ. ನೆಟ್‌ನಲ್ಲಿ 50 ಸಾಮಾನ್ಯ, 100 ವಿಷಯದ ಪ್ರಶ್ನೆ, ಮೂರು ಗಂಟೆ, ಋಣ ಅಂಕ ಇಲ್ಲ. ಆದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ಇವೆಲ್ಲದರಲ್ಲೂ ವಿದ್ಯಾರ್ಥಿಗಳು ಅಂಕ ಕಳೆದುಕೊಳ್ಳುವ ಜಾಗ ಒಂದೇ: ಸಂಶೋಧನಾ ವಿಧಾನ, ಅಂಕಿಅಂಶ, ಮಿದುಳಿನ ಭಾಗಗಳು. ಫ್ರಾಯ್ಡ್ ಎಲ್ಲರಿಗೂ ಬರುತ್ತಾನೆ.

ಗುಬ್ಬಿ ಗೂಡು

ಪಿಯು ಲೆಕ್ಚರರ್ ಆಗೋಕೆ ಎಂ.ಎ. ಸೈಕಾಲಜಿ ಸಾಕಲ್ವಾ?

ಕರಾವಳಿ ಗಾಳಿ

ಸಾಕಾಗುವುದಿಲ್ಲ, ಬಿ.ಎಡ್. ಕೂಡ ಕೇಳ್ತಾರೆ. ತೊಡಕು ಇರುವುದು ಅಲ್ಲೇ. ಬಿ.ಎಡ್.ನಲ್ಲಿ ಪಾಠ ಹೇಳುವ ಮೆಥಡ್ ಸಿಗುವುದು ಹೈಸ್ಕೂಲಿನಲ್ಲಿ ಇರುವ ವಿಷಯಕ್ಕೆ. ಸೈಕಾಲಜಿ ಹೈಸ್ಕೂಲಿನಲ್ಲಿ ಇಲ್ಲ, ಪತ್ರಿಕೋದ್ಯಮವೂ ಇಲ್ಲ. ಡಿಗ್ರಿಯಲ್ಲಿ ಜೊತೆಗೆ ಇತಿಹಾಸ, ಅರ್ಥಶಾಸ್ತ್ರ, ಕನ್ನಡ, ಇಂಗ್ಲಿಷ್ ಇಂಥದ್ದು ಇದ್ದರೆ ಬಾಗಿಲು ತೆರೆದಿರ್ತದೆ. ತುಂಗಾತೀರ ಅವರೇ, ನಿಮ್ಮಲ್ಲಿ ಇಂಗ್ಲಿಷ್ ಇದೆ, ಆದರೂ ಕಾಂಬಿನೇಶನ್ ಬದಲಿಸಲಿಕ್ಕೆ ಕಾಲೇಜಿನಲ್ಲಿ ಸಮಯ ಉಳಿದಿದ್ದರೆ ಬಿ.ಎಡ್. ಅರ್ಹತೆಯ ಪಟ್ಟಿ ಒಮ್ಮೆ ನೋಡಿ ಆಮೇಲೆ ಸುಮ್ಮನಿರಿ.

ತುಂಗಾತೀರ

ನಾಳೆನೇ ಆಫೀಸಲ್ಲಿ ಕೇಳ್ತೀನಿ. ಕೊನೇದೊಂದು: ನಮ್ಮ ಕ್ಲಾಸಲ್ಲಿ ಸೈಕಾಲಜಿಗೆ ಇರೋದೇ 14 ಜನ, ಮಿರರ್ ಡ್ರಾಯಿಂಗ್ ಉಪಕರಣ ಒಂದೇ. ಕಂಟ್ರೋಲ್ ಗುಂಪು ಎಲ್ಲಿಂದ ತರೋದು?

ಹಳೇ ರೆಕಾರ್ಡ್ ಬುಕ್

14 ಜನವೇ ಸಾಕು. ಮೊದಲು ಎಲ್ಲರದ್ದೂ ಎಡಗೈ ಒಂದೊಂದು ಸಲ ಮಾಡಿಸಿ, ಸಮಯ ಬರೆದು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸಿ. ಪಕ್ಕಪಕ್ಕದ ಇಬ್ಬಿಬ್ಬರು ಒಂದು ಜೋಡಿ, ಏಳು ಜೋಡಿ ಆಗುತ್ತೆ. ಪ್ರತಿ ಜೋಡಿಗೂ ಒಂದು ನಾಣ್ಯ ಚಿಮ್ಮಿ: ಗೆದ್ದವರು ಬಲಗೈ ಅಭ್ಯಾಸಕ್ಕೆ, ಸೋತವರು ಸುಮ್ಮನೆ ಕೂರೋಕೆ. ಕೂತವರು ಉಪಕರಣದ ಕಡೆ ನೋಡಬಾರದು, ಹೊರಗಿನ ಬೆಂಚಿಗೆ ಕಳಿಸಿ; ನೋಡಿದ್ರೆ ಅವರೂ ಕಲಿತುಬಿಡ್ತಾರೆ. ಯಾರಾದರೂ ಎಡಚರಿದ್ರೆ ಅವರಿಗೆ ಕೈಗಳ ಕ್ರಮ ಅದಲುಬದಲು ಮಾಡೋದು ಮರೀಬೇಡಿ. ‘ನೀನು ಬಲಗೈಯವನಾ’ ಅಂತ ಕೇಳಿ ಬಿಡಬೇಡಿ. ಬರೆಯೋದು, ಚೆಂಡು ಎಸೆಯೋದು, ಕತ್ತರಿ ಹಿಡಿಯೋದು ಮೂರೂ ಯಾವ ಕೈಲಿ ಅಂತ ನೋಡಿ. ಒಬ್ಬರಿಗೆ ಬಲಗೈ ಹತ್ತು ಸಲ ಮುಗಿಯೋಕೆ ಅರ್ಧ ಗಂಟೆಯಾದರೂ ಬೇಕು, ಏಳು ಜನಕ್ಕೆ ಒಂದು ಮಧ್ಯಾಹ್ನ ಸಾಲಲ್ಲ. ಲ್ಯಾಬ್ ಮೇಡಂ ಹತ್ರ ಎರಡು ದಿನ ಕೇಳಿಟ್ಕೊಳ್ಳಿ, ಜೋಡಿಯ ಇಬ್ಬರೂ ಒಂದೇ ದಿನ ಬರೋ ಹಾಗೆ ಪಟ್ಟಿ ಹಾಕಿ.